ಲೆನ್ಸ್ ಕೊಳ್ಳುವ ಮೊದಲು ನಾಯಿಯ ಮೂತಿ ಅಳೆಯಿರಿ

ಮುಂಬೈ, ಪುಣೆ, ಹೈದರಾಬಾದುಗಳಲ್ಲಿರುವ ನಮ್ಮವರಿಂದ ತಿಂಗಳಿಗೊಮ್ಮೆಯಾದರೂ ನನಗೊಂದು ವಾಟ್ಸ್‌ಆಪ್ ಸಂದೇಶ ಬರುತ್ತದೆ. ‘ಮನೆಗೆ ನಾಯಿಮರಿ ತಂದೀವಿ, ಛಲೋ ಫೋಟೊ ತೆಗೀಬೇಕು, ಯಾವ ಲೆನ್ಸ್ ತಗೋಬೇಕು ಹೇಳ್ರಿ.’ ಕೆಲವರು ಬಜೆಟ್ಟನ್ನೂ ತಿಳಿಸುತ್ತಾರೆ. ಕೆಲವರು ನಾಲ್ಕು ಲಿಂಕು ಕಳಿಸಿ ‘ಇದರಾಗ ಒಂದಕ್ಕ ಬೆರಳು ತೋರಸ್ರಿ ಸಾಕು’ ಎನ್ನುತ್ತಾರೆ. ನಾನು ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. ನಿಮ್ಮ ಹಾಲ್ ಎಷ್ಟು ಉದ್ದ ಇದೆ? ನಾಯಿಯ ಬಣ್ಣ ಯಾವುದು? ಅದರ ಮೂಗಿನ ತುದಿಯಿಂದ ಕಣ್ಣಿನವರೆಗೆ ಎಷ್ಟು ಇಂಚು? ಮೂರನೆಯ ಪ್ರಶ್ನೆಗೆ ಹೆಚ್ಚಿನವರು ಒಂದು ನಗುವ ಮುಖ ಕಳಿಸಿ ಸುಮ್ಮನಾಗುತ್ತಾರೆ. ನಾನು ತಮಾಷೆಗೆ ಕೇಳಿರುವುದಿಲ್ಲ.

ಲೆನ್ಸಿನ ಬಗ್ಗೆ ಸಿಗುವ ಸಲಹೆಯೆಲ್ಲ ಕ್ಯಾಮೆರಾ ಕಡೆಯಿಂದ ಶುರುವಾಗುತ್ತದೆ: ಯಾವ ಕಂಪನಿ, ಎಷ್ಟು ಶಾರ್ಪ್, ಹಿನ್ನೆಲೆ ಎಷ್ಟು ಮಸುಕು. ಸಾಕುಪ್ರಾಣಿಯ ಫೋಟೊದಲ್ಲಿ ಇದನ್ನು ತಿರುಗುಮುರುಗು ಮಾಡಬೇಕು ಎಂಬುದು ನನ್ನ ಅಭಿಪ್ರಾಯ. ಪ್ರಾಣಿ ನಮ್ಮನ್ನು ಎಷ್ಟು ಹತ್ತಿರ ಬಿಟ್ಟುಕೊಳ್ಳುತ್ತದೆ, ಮನೆ ನಮ್ಮನ್ನು ಎಷ್ಟು ಹಿಂದೆ ಸರಿಯಲು ಬಿಡುತ್ತದೆ, ಈ ಎರಡರ ನಡುವೆ ಉಳಿಯುವ ಜಾಗವೇ ಲೆನ್ಸನ್ನು ಆರಿಸುತ್ತದೆ. ನಾವು ದುಡ್ಡು ಕೊಡುವುದಷ್ಟೇ.

ಮೊದಲು ಫೋನಿನ ಮಾತು, ಏಕೆಂದರೆ ಎಲ್ಲರೂ ಶುರು ಮಾಡುವುದು ಅಲ್ಲಿಂದಲೇ. ಈಗಿನ ಫೋನುಗಳ ಮುಖ್ಯ ಕ್ಯಾಮೆರಾ ಫುಲ್ ಫ್ರೇಮ್ ಲೆಕ್ಕದಲ್ಲಿ ಸಾಮಾನ್ಯವಾಗಿ 24ರಿಂದ 26 ಮಿ.ಮೀ. ಲೆನ್ಸಿಗೆ ಸಮ. ಅಂದರೆ ಅಗಲ ನೋಟದ್ದು. ನಾಯಿಯ ಮುಖ ಚಿತ್ರದ ತುಂಬ ಬರಲಿ ಎಂದು ಫೋನನ್ನು ಒಂದಡಿಯವರೆಗೆ ಒಯ್ಯುತ್ತೇವೆ. ಆಗ ಮೂಗು 30 ಸೆಂ.ಮೀ. ದೂರದಲ್ಲಿದ್ದರೆ ಕಿವಿ 50 ಸೆಂ.ಮೀ. ದೂರದಲ್ಲಿರುತ್ತದೆ. ಮೂಗು ಕಿವಿಗಿಂತ ಒಂದೂ ಮುಕ್ಕಾಲು ಪಟ್ಟಿನ ಹತ್ತಿರ ದೊಡ್ಡದಾಗಿ ಬೀಳುತ್ತದೆ. ಅದೇ ನಾಯಿಯಿಂದ ಎರಡು ಮೀಟರ್ ಹಿಂದೆ ನಿಂತರೆ ಮೂಗು 200, ಕಿವಿ 220. ವ್ಯತ್ಯಾಸ ಹತ್ತನೇ ಒಂದು ಭಾಗ. ಫೋಟೊದಲ್ಲಿ ನಮ್ಮ ಮುದ್ದಿನ ನಾಯಿ ಬದನೆಕಾಯಿ ಮೂಗಿನ ಬೇರೆ ಯಾವುದೋ ಪ್ರಾಣಿಯಂತೆ ಕಾಣುವುದಕ್ಕೆ ಕಾರಣ ಇಷ್ಟೇ. ತಪ್ಪು ಗಾಜಿನದಲ್ಲ, ದೂರದ್ದು. ಹಾಗಾಗಿ ಫೋನಿನಲ್ಲಿ ಎರಡು ಅಥವಾ ಮೂರು ಪಟ್ಟಿನ ಪ್ರತ್ಯೇಕ ಟೆಲಿ ಲೆನ್ಸ್ ಇದ್ದರೆ ಹಗಲು ಹೊತ್ತಿನಲ್ಲಿ ಅದನ್ನೇ ಬಳಸಿ, ನಾಲ್ಕು ಹೆಜ್ಜೆ ಹಿಂದೆ ಸರಿಯಿರಿ. ಪೋರ್ಟ್ರೇಟ್ ಮೋಡನ್ನು ಮಾತ್ರ ನಾನು ನಂಬುವುದಿಲ್ಲ. ಮನುಷ್ಯರ ಕೂದಲಲ್ಲೇ ತಡವರಿಸುವ ಅದು ಬೆಕ್ಕಿನ ಮೀಸೆಯನ್ನು ಸಲೀಸಾಗಿ ಕತ್ತರಿಸಿ ಹಾಕುತ್ತದೆ.

ಇನ್ನು ಕ್ಯಾಮೆರಾ. ನಮ್ಮಲ್ಲಿ ಹೆಚ್ಚಿನವರ ಬಳಿ ಇರುವುದು ಎಪಿಎಸ್-ಸಿ ಸೆನ್ಸರಿನ ಕ್ಯಾಮೆರಾ. ಮದುವೆಗೋ ಮಗು ಹುಟ್ಟಿದಾಗಲೋ ಕೊಂಡು ಕಪಾಟಿನಲ್ಲಿಟ್ಟದ್ದು. ಅದಕ್ಕೆ 50 ಮಿ.ಮೀ., ಎಫ್ 1.8 ಲೆನ್ಸ್ ಹಾಕಿದರೆ ಎರಡು ಮೀಟರ್ ದೂರದಲ್ಲಿ ಸುಮಾರು 90 ಸೆಂ.ಮೀ. ಅಗಲದ ದೃಶ್ಯ ಕಾಣುತ್ತದೆ. ಕುಳಿತ ಲ್ಯಾಬ್ರಡಾರಿಗೆ ಇದು ಸರಿ. ಕಾಲು ಚಾಚಿ ಮಲಗಿದ ಲ್ಯಾಬ್ರಡಾರಿಗೆ ಸಾಲದು, ಬಾಲವೋ ಮೂತಿಯೋ ಹೊರಗುಳಿಯುತ್ತದೆ. 35 ಮಿ.ಮೀ. ಆದರೆ ಅದೇ ಜಾಗದಿಂದ 130 ಸೆಂ.ಮೀ. ಕಾಣುತ್ತದೆ. ಎಲ್ಲರೂ ಹೊಗಳುವ 85ರಲ್ಲಿ ಆ 90 ಸೆಂ.ಮೀ. ಬೇಕೆಂದರೆ ಸುಮಾರು ಮೂರೂವರೆ ಮೀಟರ್ ಹಿಂದೆ ಹೋಗಬೇಕು. ಹತ್ತು ಹದಿನಾಲ್ಕು ಅಡಿಯ ಹಾಲಿನಲ್ಲಿ ಸೋಫಾ, ಟಿ.ವಿ. ಸ್ಟ್ಯಾಂಡು, ಬಟ್ಟೆ ಒಣಗಿಸುವ ಸ್ಟ್ಯಾಂಡುಗಳನ್ನು ಕಳೆದರೆ ಉಳಿಯುವುದು ಎರಡು, ಹೆಚ್ಚೆಂದರೆ ಎರಡೂವರೆ ಮೀಟರ್. 85ರ ಲೆನ್ಸ್ ಹಿಡಿದು ಸರಿಯುತ್ತ ಸರಿಯುತ್ತ ನೀವು ಬಾಲ್ಕನಿಯ ಕಟಾಂಜನಕ್ಕೆ ಬೆನ್ನು ತಾಗಿಸಿ ನಿಲ್ಲುತ್ತೀರಿ, ಏಳನೇ ಮಹಡಿಯಲ್ಲಿ. ಫ್ಲ್ಯಾಟಿನಲ್ಲಿ ಇರುವವರು 35 ಅಥವಾ 50ರಿಂದ ಶುರು ಮಾಡಿ ಎಂದು ನಾನು ಹೇಳುವುದು ಇದಕ್ಕೇ.

ಇನ್ನೊಂದು ಅಳತೆಯನ್ನು ಯಾರೂ ನೋಡುವುದಿಲ್ಲ: ಲೆನ್ಸ್ ಫೋಕಸ್ ಮಾಡಬಲ್ಲ ಅತಿ ಹತ್ತಿರದ ದೂರ. ನಿಕಾನಿನ 35 ಮಿ.ಮೀ. ಎಫ್ 1.8 ಡಿಎಕ್ಸ್ ಲೆನ್ಸಿಗೆ ಅದು 30 ಸೆಂ.ಮೀ., ಕ್ಯಾನನ್ನಿನ 50 ಮಿ.ಮೀ. ಎಫ್ 1.8 ಎಸ್‌ಟಿಎಂಗೆ 35, ನಿಕಾನಿನ 50 ಮಿ.ಮೀ. ಎಫ್ 1.8 ಜಿಗೆ 45, ಕ್ಯಾನನ್ನಿನ 85 ಮಿ.ಮೀ. ಎಫ್ 1.8ಕ್ಕೆ 85. ನಾಯಿಮರಿಗೆ ಈ ಸಂಖ್ಯೆಗಳು ಗೊತ್ತಿಲ್ಲ. ನೀವು ನೆಲದ ಮೇಲೆ ಬೋರಲು ಮಲಗಿದ್ದೇ ತಡ ಅದು ಓಡಿ ಬಂದು ಲೆನ್ಸ್ ನೆಕ್ಕುತ್ತದೆ. 85 ಸೆಂ.ಮೀ. ಒಳಗೆ ಬಂದಾಗಲೆಲ್ಲ ಚಿತ್ರ ಮಸುಕು. ಮರಿ ಇದ್ದವರಿಗೆ ಹತ್ತಿರ ಫೋಕಸ್ ಆಗುವ ಲೆನ್ಸೇ ಬೇಕು, ಮುಂದೆ ಹುಡ್ ಕೂಡ ಬೇಕು.

ಬೆಳಕಿನ ವಿಷಯ ಹೇಳಲು ನಮ್ಮ ಕಟ್ಟಡದ ಕಾಳುವಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ನಾವಿರುವುದು ನಾಸಿಕದ ಪಂಚವಟಿಯಲ್ಲಿ. ಕೆಳಗಿನ ಮನೆಯ ಕಾಕೂ ಸಾಕಿರುವ ಕಪ್ಪು ಲ್ಯಾಬ್ರಡಾರ್ ಅದು, ಹನ್ನೆರಡು ದಾಟಿದೆ. ಮರಾಠಿಯಲ್ಲಿ ಕಾಳು ಎಂದರೆ ಕರಿಯ. ಕನ್ನಡದ ಕಿವಿಗೆ ಮಾತ್ರ ಯಾರೋ ಹೆಸರುಕಾಳನ್ನು ಕೂಗಿ ಕರೆದಂತೆ. ಹಿಂಗಾಲು ಸೋತಿವೆ, ಮೂತಿಯ ಸುತ್ತ ಬೆಳ್ಳಗಾಗಿದೆ. ಕಾಕೂ ಅವರ ಫೋನಿನಲ್ಲಿ ಅದರ ನೂರಾರು ಚಿತ್ರಗಳಿವೆ. ಒಂದರಲ್ಲೂ ಕಣ್ಣಿಲ್ಲ! ಸೋಫಾದ ಮೇಲೊಂದು ಕಪ್ಪು ಗುಡ್ಡೆ, ಎರಡು ಕಿವಿ, ಅಷ್ಟೇ. ‘ಇದು ಹೋದ ಮೇಲೆ ನನ್ನ ಹತ್ತಿರ ಇದರ ಕಣ್ಣು ಇರುವುದಿಲ್ಲವಲ್ಲ’ ಎಂದು ಅವರು ಒಮ್ಮೆ ಮರಾಠಿಯಲ್ಲಿ ಹೇಳಿದರು. ದೊಡ್ಡ ನಾಯಿಗಳ ಆಯುಸ್ಸು ಹತ್ತು ಹನ್ನೆರಡು ವರ್ಷದ ಆಸುಪಾಸು. ಲೆನ್ಸಿನ ಚರ್ಚೆಯನ್ನು ಅರ್ಜೆಂಟು ಮಾಡುವ ವಿಷಯ ಇದೊಂದೇ.

ಸಂಜೆ ಏಳು ಗಂಟೆ, ಹಾಲಿನಲ್ಲಿ ಎಲ್‌ಇಡಿ ಟ್ಯೂಬು. ಕ್ಯಾಮೆರಾ ಜೊತೆ ಬರುವ ಕಿಟ್ ಲೆನ್ಸನ್ನು ಮುಂದಕ್ಕೆ ಜೂಮ್ ಮಾಡಿದರೆ ಅದರ ಅಪರ್ಚರ್ ಎಫ್ 5.6. ನಾಯಿ ತಲೆ ಅಲ್ಲಾಡಿಸಿದರೂ ಮಸುಕಾಗದಿರಲು ಶಟರ್ 1/250 ಸೆಕೆಂಡು ಬೇಕು. ಅಂಥ ಬೆಳಕಿನಲ್ಲಿ ಐಎಸ್‌ಒ 12,000 ದಾಟುತ್ತದೆ, ಚಿತ್ರದ ತುಂಬ ರವೆ ಚೆಲ್ಲಿದ ಹಾಗೆ. ಎಫ್ 1.8ರ ಲೆನ್ಸ್ ಅದಕ್ಕಿಂತ ಹೆಚ್ಚುಕಡಿಮೆ ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಅದೇ ಕೋಣೆ, ಅದೇ ಶಟರ್, ಐಎಸ್‌ಒ 1,250 ಸಾಕು. 50 ಮಿ.ಮೀ. ಎಫ್ 1.8 ಬಹುತೇಕ ಕಂಪನಿಗಳ ಅತಿ ಅಗ್ಗದ ಲೆನ್ಸುಗಳಲ್ಲೊಂದು. ಕ್ಯಾಮೆರಾ ಬದಲಿಸುವ ಯೋಚನೆಯಲ್ಲಿರುವವರು ಮೊದಲು ಇದನ್ನು ಹಾಕಿ ನೋಡಬೇಕು.

ಕಪ್ಪು ಪ್ರಾಣಿಗೆ ಇನ್ನೂ ಒಂದು ತೊಡಕಿದೆ. ಕ್ಯಾಮೆರಾದ ಮೀಟರಿಗೆ ಜಗತ್ತೆಲ್ಲ ನಡುಬೂದು. ಕಪ್ಪು ಮೈ ಚಿತ್ರ ತುಂಬಿದರೆ ಅದನ್ನು ಬೂದಿಯ ಬಣ್ಣಕ್ಕೆ ಎಳೆಯುತ್ತದೆ. ಹಿಂದೆ ಬಿಳಿ ಗೋಡೆ ಇದ್ದರೆ ಗೋಡೆಯನ್ನು ಉಳಿಸಲು ಹೋಗಿ ನಾಯಿಯನ್ನು ಕತ್ತಲೆಗೆ ತಳ್ಳುತ್ತದೆ. ಇಲ್ಲಿನ ಕಾಳಾರಾಮ ಮಂದಿರ ಪೂರ್ತಿ ಕಪ್ಪು ಕಲ್ಲಿನದು, 18ನೇ ಶತಮಾನದ ಕೊನೆಯ ಭಾಗದಲ್ಲಿ ಪೇಶ್ವೆ ಸರದಾರ ರಂಗರಾವ್ ಒಢೇಕರ್ ಕಟ್ಟಿಸಿದ್ದು. ಬಿಸಿಲಿನಲ್ಲಿ ಅದರ ಹೊರಗೋಡೆಯ ಫೋಟೊ ತೆಗೆದವರಿಗೆ ಈ ಮೀಟರಿನ ಆಟ ಗೊತ್ತು: ಕಲ್ಲು ಬೂದಿಯಾಗುತ್ತದೆ, ಆಕಾಶ ಸುಟ್ಟು ಹೋಗುತ್ತದೆ. ಅಲ್ಲಿ ಎಕ್ಸ್‌ಪೋಶರ್ ಒಂದು ಸ್ಟಾಪ್ ಇಳಿಸುವ ಅಭ್ಯಾಸವಾದರೆ ಮನೆಯಲ್ಲಿ ಕಪ್ಪು ನಾಯಿಗೂ ಕೈ ತಾನಾಗಿ ಹೋಗುತ್ತದೆ.

ಕಾಳುವಿನ ಕಣ್ಣು ಕೊನೆಗೆ ಸಿಕ್ಕಿದ್ದು ದುಬಾರಿ ಗಾಜಿನಿಂದಲ್ಲ. ಬೆಳಿಗ್ಗೆ ಎಂಟಕ್ಕೆ ಅದರ ಚಾಪೆಯನ್ನು ಕಿಟಕಿಯ ಪಕ್ಕಕ್ಕೆ ಎಳೆದೆವು. 50ರ ಲೆನ್ಸ್, ಎಫ್ 2.8, ನಾನು ನೆಲದ ಮೇಲೆ ಅದರ ಕಣ್ಣಿನ ಮಟ್ಟದಲ್ಲಿ. ಕಾಕೂ ನನ್ನ ಬೆನ್ನ ಹಿಂದೆ ಭಾಕರಿಯ ಚೂರು ಹಿಡಿದು ನಿಂತಿದ್ದರು. ಕಿಟಕಿಯ ಬಿಳುಪು ಎರಡೂ ಕಣ್ಣಿನಲ್ಲಿ ಚೌಕವಾಗಿ ಮೂಡಿತು. ಕಪ್ಪು ಪ್ರಾಣಿಯ ಚಿತ್ರ ನಿಲ್ಲುವುದು ಆ ಚೌಕದ ಮೇಲೆ. ಫ್ಲ್ಯಾಶ್ ಹಾಕಿದ್ದರೆ ಅಲ್ಲಿ ಹಸಿರು ದೀಪ ಹೊತ್ತುತ್ತಿತ್ತು. ನಾಯಿ, ಬೆಕ್ಕುಗಳ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ವಾಪಸ್ಸು ಎಸೆಯುವ ಪದರ ಇದೆ, ಕತ್ತಲಲ್ಲಿ ಅವುಗಳಿಗೆ ಚೆನ್ನಾಗಿ ಕಾಣಲೆಂದು. ಅಂದಹಾಗೆ, ಮಿರರ್‌ಲೆಸ್ ಕ್ಯಾಮೆರಾದ ಸದ್ದಿಲ್ಲದ ಶಟರ್ ಪ್ರಾಣಿಗಳಿಗೆ ಒಳ್ಳೆಯದೆಂದು ಎಲ್ಲರೂ ಹೇಳುತ್ತಾರೆ, ನಿಜ. ಆದರೆ ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ, ಸದ್ದಿಲ್ಲದ ಶಟರಿನಲ್ಲಿ ಅದು ಅಡ್ಡಪಟ್ಟೆಯಾಗಿ ಬೀಳುತ್ತದೆ. ದೀಪದ ಕೆಳಗೆ ಸಾಮಾನ್ಯ ಶಟರ್, ಕಿಟಕಿಯ ಬಳಿ ಮೌನ ಶಟರ್.

ಈಗ ಮೂತಿಯ ಪ್ರಶ್ನೆ. ಎಫ್ 1.8 ಇದೆಯೆಂದು ಯಾವಾಗಲೂ 1.8ರಲ್ಲೇ ತೆಗೆಯುವವರು ಬಹಳ. ಎಪಿಎಸ್-ಸಿ ಕ್ಯಾಮೆರಾದಲ್ಲಿ 50 ಮಿ.ಮೀ. ಲೆನ್ಸ್, ಒಂದು ಮೀಟರ್ ದೂರ, ಎಫ್ 1.8 ಎಂದರೆ ಸ್ಪಷ್ಟವಾಗಿ ಬರುವ ಆಳ ಎಲ್ಲ ಸೇರಿ ಮೂರು ಸೆಂಟಿಮೀಟರ್ ಕೂಡ ಇಲ್ಲ. ಪಗ್ ನಾಯಿಗೆ ಪರವಾಗಿಲ್ಲ, ದೇವರು ಅದರ ಮೂಗನ್ನೂ ಕಣ್ಣನ್ನೂ ಒಂದೇ ಗೋಡೆಗೆ ಅಂಟಿಸಿದ್ದಾನೆ. ಪರ್ಶಿಯನ್ ಬೆಕ್ಕಿಗೂ ನಡೆಯುತ್ತದೆ. ಉದ್ದ ಮೂತಿಯ ನಾಯಿಯಲ್ಲಿ ಕಣ್ಣು ಸ್ಪಷ್ಟವಾದರೆ ಮೂಗು ಮಂಜು, ಮೂಗು ಹಿಡಿದರೆ ಕಣ್ಣು ಮಂಜು. ಎಫ್ 4ಕ್ಕೆ ಹೋದರೆ ಆರು ಸೆಂ.ಮೀ. ಸಿಗುತ್ತದೆ. ಅದಕ್ಕಿಂತ ಸುಲಭದ ಉಪಾಯ ಹಿಂದೆ ಸರಿಯುವುದು: ದೂರ ಎರಡರಷ್ಟಾದರೆ ಆಳ ನಾಲ್ಕರಷ್ಟಾಗುತ್ತದೆ, ಎರಡು ಮೀಟರಿನಲ್ಲಿ ಎಫ್ 1.8ಕ್ಕೂ ಹನ್ನೊಂದು ಸೆಂ.ಮೀ. ಸಿಗುತ್ತದೆ. ಹಾಲ್ ಚಿಕ್ಕದೇ? ನಾಯಿಯನ್ನು ಪಕ್ಕದಿಂದ ತೆಗೆಯಿರಿ, ಮೂತಿ, ಕಣ್ಣು ಒಂದೇ ಸಮತಲಕ್ಕೆ ಬರುತ್ತವೆ. ಇದಕ್ಕೆ ಖರ್ಚಿಲ್ಲ.

ಉದ್ದ ಮೂತಿ ಎಂದಾಗ ನನಗೆ ನೆನಪಾಗುವುದು ನಮ್ಮ ಬಾಗಲಕೋಟೆ ಕಡೆಯ ಮುಧೋಳದ ಬೇಟೆನಾಯಿ. ಕಡ್ಡಿಯಂಥ ಸೊಂಟ, ಎರಡಡಿಗಿಂತ ಎತ್ತರ, ಸೂಜಿಯಂತೆ ಚಾಚಿದ ಮುಖ. ಮುಧೋಳದ ಘೋರ್ಪಡೆ ಅರಸು ಮಾಲೋಜಿರಾವ್ ಈ ತಳಿಯನ್ನು ಉಳಿಸಿ ಹೆಸರು ತಂದವರು. 2005ರಲ್ಲಿ ಅಂಚೆ ಇಲಾಖೆ ಭಾರತೀಯ ನಾಯಿ ತಳಿಗಳ ಅಂಚೆಚೀಟಿ ತಂದಾಗ ಅದರಲ್ಲಿ ಮುಧೋಳವೂ ಇತ್ತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ, ಸೇನೆಗೂ ಇಲ್ಲಿಂದ ಮರಿಗಳು ಹೋಗಿವೆ. ದಿಂಡೋರಿ ರಸ್ತೆಯ ಆಚೆ ಒಂದು ದ್ರಾಕ್ಷಿ ತೋಟದಲ್ಲಿ ಈ ನಾಯಿ ಕಂಡಾಗ ಊರವರು ಸಿಕ್ಕಷ್ಟು ಖುಷಿಯಾಗಿ ‘ಇದು ನಮ್ಮ ಮುಧೋಳದ್ದು’ ಎಂದೆ. ತೋಟದವರು ತಲೆಯಾಡಿಸಿ, ‘ನಾಹೀ ಸಾಹೇಬ್, ಹಾ ಕಾರವಾನ್ ಆಹೇ’ ಎಂದರು. ಗಡಿಯ ಆಚೆ ಮುಧೋಳ, ಈಚೆ ಕಾರವಾನ್. ಬೆಳಗಾವಿಯ ತಂಟೆಗಿಂತ ಇದು ವಾಸಿ. ನಾಯಿ ಎರಡೂ ಹೆಸರಿಗೆ ಕಿವಿಗೊಡಲಿಲ್ಲ, ದೂರದಲ್ಲಿ ಏನನ್ನೋ ಕಂಡು ಹೊರಟುಬಿಟ್ಟಿತು.

ಇಂಥ ನಾಯಿಗೆ 50ರ ಲೆನ್ಸ್ ಹಿಡಿದು ನಿಂತರೆ ಸಿಗುವುದು ಬಯಲು, ಅದರಲ್ಲೊಂದು ಚುಕ್ಕೆ. ಸೆಕೆಂಡಿಗೆ ಹತ್ತು ಮೀಟರ್ ಓಡುವ ಪ್ರಾಣಿ 1/500 ಸೆಕೆಂಡಿನಲ್ಲಿ ಎರಡು ಸೆಂ.ಮೀ. ಸರಿದಿರುತ್ತದೆ, ಪಾದಗಳು ಅದಕ್ಕಿಂತ ಹೆಚ್ಚು. ಆದ್ದರಿಂದ ಶಟರ್ 1/2000. ಲೆನ್ಸು 55-250 ಅಥವಾ 70-300ರಂಥ ಸಾಧಾರಣ ಟೆಲಿ ಜೂಮ್. ಎಪಿಎಸ್-ಸಿಯಲ್ಲಿ 300 ಮಿ.ಮೀ. ಹದಿನೈದು ಮೀಟರ್ ದೂರದಲ್ಲಿ ಒಂದು ಮೀಟರಿಗಿಂತ ತುಸು ಹೆಚ್ಚು ಅಗಲ ತೋರಿಸುತ್ತದೆ, ಅಂದರೆ ನಾಯಿ ಚಿತ್ರ ತುಂಬುತ್ತದೆ. ತುಂಬಿಸಿಕೊಂಡು ಕಾಯಬೇಡಿ, ಒಂದೇ ನೆಗೆತಕ್ಕೆ ಹೊರಗೆ ಹೋಗುತ್ತದೆ. ಸಡಿಲವಾಗಿ ಹಿಡಿದು ಆಮೇಲೆ ಕತ್ತರಿಸಿ. ಇಂಥ ಜೂಮುಗಳ ಅಪರ್ಚರ್ ಎಫ್ 5.6 ಇಲ್ಲವೇ 6.3, ಹಾಲಿನಲ್ಲಿ ಇವು ನಿಷ್ಪ್ರಯೋಜಕ. ಬಿಸಿಲಿನಲ್ಲಿ ಎಫ್ 5.6, 1/2000ಕ್ಕೆ ಐಎಸ್‌ಒ 200 ಸಾಕು, ಚಳಿಗಾಲದ ಎಳೆ ಬಿಸಿಲಾದರೆ 800. ಲಕ್ಷ ದಾಟುವ, ಒಂದರಿಂದ ಒಂದೂವರೆ ಕಿಲೋ ತೂಗುವ 70-200 ಎಫ್ 2.8 ಲೆನ್ಸು ಬೇಕಾಗುವುದು ಸಂಜೆಗತ್ತಲಲ್ಲಿ, ಶೆಡ್ಡಿನೊಳಗೆ, ಡಾಗ್ ಶೋಗಳಲ್ಲಿ. ವಾರಾಂತ್ಯಕ್ಕೊಮ್ಮೆ ಬೆಳಿಗ್ಗೆ ನಾಯಿ ಓಡಿಸುವವರು ಅದಕ್ಕೆ ಇ.ಎಂ.ಐ. ಕಟ್ಟುವುದು ನನಗೆ ಅರ್ಥವಾಗದ ಸಂಗತಿ.

ಪ್ರಾಣಿಗಳ ಕಣ್ಣನ್ನು ಕ್ಯಾಮೆರಾ ತಾನೇ ಗುರುತಿಸಿ ಹಿಡಿಯುವ ಸೌಲಭ್ಯವನ್ನು ಸೋನಿ 2019ರಲ್ಲಿ ತಂದಿತು, ಆಮೇಲೆ ನಿಕಾನ್, ಕ್ಯಾನನ್‌ಗಳೂ ತಂದವು. ಓಡುವ ನಾಯಿಯ ವಿಷಯದಲ್ಲಿ ಇದು ನಿಜವಾದ ಸಹಾಯ. ಕಣ್ಣು ಮುಚ್ಚಿದ ಕೂದಲಿದ್ದರೆ, ಮೈ ಪೂರ್ತಿ ಕಪ್ಪಾಗಿದ್ದರೆ ಅದೂ ಎಡವುತ್ತದೆ.

ಇಲ್ಲಿನ ರಾಮಕುಂಡದ ಮೆಟ್ಟಿಲ ಮೇಲೆ ಬೆಳಗಿನ ಹೊತ್ತು ಬೀದಿನಾಯಿಗಳು ಬಿಸಿಲು ಕಾಯಿಸುತ್ತ ಮಲಗಿರುತ್ತವೆ. ಟೆಲಿ ಲೆನ್ಸ್ ಕಲಿಯಲು ನಾನು ಹೋಗುವುದು ಅಲ್ಲಿಗೇ. ಅವುಗಳಿಗೆ ನಮ್ಮ ಪರಿಚಯವಿಲ್ಲ, ಹತ್ತಿರ ಹೋಗಿ ದೊಡ್ಡ ಗಾಜಿನ ಕಣ್ಣನ್ನು ನೇರ ಮುಖಕ್ಕೆ ಹಿಡಿದರೆ ಮುಖ ತಿರುಗಿಸುತ್ತವೆ ಇಲ್ಲವೇ ಎದ್ದು ಹೋಗುತ್ತವೆ. ಆರೇಳು ಮೀಟರ್ ದೂರದಲ್ಲಿ ಒಂದು ಮೆಟ್ಟಿಲ ಮೇಲೆ ಕುಳಿತುಬಿಟ್ಟರೆ ಕಾಲು ಗಂಟೆಯಲ್ಲಿ ನಮ್ಮನ್ನು ಮರೆಯುತ್ತವೆ. ಬಂಗಾರದ ಜಿಂಕೆಯ ಹಿಂದೆ ಓಡಿದ ಕಥೆಯ ಊರಿದು, ಪ್ರಾಣಿಯನ್ನು ಅಟ್ಟಿಸಿಕೊಂಡು ಹೋಗಬಾರದೆಂದು ಇಲ್ಲಿಯವರಿಗೆ ಯಾರೂ ಬೇರೆ ಹೇಳಬೇಕಿಲ್ಲ.

ಬೆಕ್ಕು ಬೇರೆಯೇ ಲೆಕ್ಕ. ಅದು ಕಪಾಟಿನ ಮೇಲಿಂದ ಇಳಿಯುವುದಿಲ್ಲ, ಕರೆದರೆ ಬರುವುದಿಲ್ಲ. ಇಲ್ಲಿ 85 ಕೆಲಸಕ್ಕೆ ಬರುತ್ತದೆ, ಮುಖ ಮಾತ್ರ ಸಾಕಲ್ಲವೇ. ಬಿಸಿಲಿನಲ್ಲಿ ಬೆಕ್ಕಿನ ಪಾಪೆ ಸೀಳಿನಂತಾಗಿ ಸಿಟ್ಟಿನ ಮುಖ ಕಾಣುತ್ತದೆ, ಮೋಡದ ಬೆಳಕಿನಲ್ಲಿ ಅರಳಿ ಸೌಮ್ಯವಾಗುತ್ತದೆ. ಹಾಗಾಗಿ ಬೆಕ್ಕಿಗೆ ಮಳೆಗಾಲವೇ ವಾಸಿ. ಮೊಲ, ಹ್ಯಾಮ್‌ಸ್ಟರ್ ಇದ್ದವರು 90 ಅಥವಾ 100 ಮಿ.ಮೀ. ಮ್ಯಾಕ್ರೊ ಲೆನ್ಸ್ ನೋಡಬಹುದು. ಪಂಜರದ ಲವ್ ಬರ್ಡ್ಸ್‌ಗೆ ಲೆನ್ಸನ್ನು ಸರಳಿಗೆ ತಾಗುವಷ್ಟು ಹತ್ತಿರ ಇಟ್ಟು, ಅಪರ್ಚರ್ ಪೂರ್ತಿ ತೆರೆದು, ಹಿಂದಿರುವ ಹಕ್ಕಿಗೆ ಫೋಕಸ್ ಮಾಡಿದರೆ ಸರಳು ಕರಗಿ ಹೋಗುತ್ತದೆ. ನಮ್ಮ ಹಸಿರು ಗಿಳಿಯನ್ನು ಸಾಕುವುದು ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ. ಅದರ ಫೋಟೊ ಕೇಳಿಕೊಂಡು ನನ್ನ ಹತ್ತಿರ ಬರಬೇಡಿ.

ದೀಪಾವಳಿಗೆ ಊರಿಗೆ ಹೋಗುವವರ ಪ್ರಶ್ನೆ ಇನ್ನೊಂದು. ಬ್ಯಾಗಿನಲ್ಲಿ ಒಂದೇ ಲೆನ್ಸಿಗೆ ಜಾಗ, ಮನೆಯಲ್ಲಿ ಅಪ್ಪನ ಹಿಂದೆ ಹೊಲಕ್ಕೆ ಹೋಗುವ ನಾಯಿ ಇದೆ, ವರ್ಷಕ್ಕೊಮ್ಮೆ ನಮ್ಮನ್ನು ಕಂಡು ಮೊದಲು ಬೊಗಳಿ ಆಮೇಲೆ ಬಾಲ ಅಲ್ಲಾಡಿಸುವಂಥದ್ದು. 35 ಒಯ್ಯಿರಿ. ಆ ನಾಯಿಯ ಒಳ್ಳೆಯ ಚಿತ್ರದಲ್ಲಿ ಕಟ್ಟೆ ಇರಬೇಕು, ಅಪ್ಪನ ಕಾಲು ಇರಬೇಕು, ಹಿಂದೆ ಕಣಕಿಯ ಬಣವೆ ಇರಬೇಕು. ಹಿನ್ನೆಲೆ ಅಳಿಸಿ ಹಾಕುವ ಲೆನ್ಸಿನಲ್ಲಿ ಅದು ಯಾವ ಊರಿನ ನಾಯಿಯಾದರೂ ಆದೀತು.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಕ್ಕೆ ನನ್ನ ಒಪ್ಪಿಗೆ ಇದೆ, ಎರಡು ಎಚ್ಚರಿಕೆಯೊಂದಿಗೆ. ನಿಕಾನಿನ ಹಳೆಯ 50 ಮಿ.ಮೀ. ಎಫ್ 1.8 ಡಿ ಲೆನ್ಸಿನೊಳಗೆ ಮೋಟಾರಿಲ್ಲ. ಡಿ3500, ಡಿ5600ರಂಥ ಕ್ಯಾಮೆರಾಗಳ ದೇಹದಲ್ಲೂ ಇಲ್ಲ. ಎರಡನ್ನೂ ಸೇರಿಸಿದರೆ ಆಟೊಫೋಕಸ್ ಬರುವುದಿಲ್ಲ, ಕೈಯಲ್ಲೇ ತಿರುಗಿಸಬೇಕು. ಮಲಗಿದ ಬೆಕ್ಕಿಗೆ ನಡೆದೀತು, ಮರಿಗೆ ನಡೆಯದು. ಹೆಸರಿನ ಕೊನೆಯ ಅಕ್ಷರ ‘ಜಿ’ ಇರುವುದನ್ನು ಕೇಳಿ ಪಡೆಯಿರಿ. ಎರಡನೆಯದು ಬೂಷ್ಟು. ಮುಂಬೈ, ಕೊಂಕಣದ ಮಳೆಯಲ್ಲಿ ಕಪಾಟಿನಲ್ಲೇ ಕುಳಿತ ಲೆನ್ಸುಗಳ ಒಳಗಾಜಿನ ಮೇಲೆ ಜೇಡರ ಬಲೆಯಂಥ ಎಳೆ ಬೆಳೆದಿರುತ್ತದೆ. ಅಪರ್ಚರ್ ತೆರೆದು, ಫೋನಿನ ಟಾರ್ಚನ್ನು ಒಂದು ಕಡೆಯಿಂದ ಓರೆಯಾಗಿ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಧೂಳಿನ ನಾಲ್ಕು ಕಣ ಇದ್ದರೆ ಚಿಂತೆಯಿಲ್ಲ, ಎಳೆ ಕಂಡರೆ ಎದ್ದು ಬನ್ನಿ. ನಿಮ್ಮದನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ, ಚರ್ಮದ ಚೀಲದಲ್ಲಿ ಅಲ್ಲ.

ಇಷ್ಟು ಓದಿಯೂ 35ಕ್ಕೂ 85ಕ್ಕೂ ನಡುವೆ ತೂಗಾಡುತ್ತಿದ್ದರೆ, ಕಿಟ್ ಲೆನ್ಸನ್ನು ಮೊದಲ ದಿನ 35ಕ್ಕೆ, ಮರುದಿನ 50ಕ್ಕೆ ತಿರುಗಿಸಿಟ್ಟು, ಜೂಮ್ ಮುಟ್ಟದೆ ಮನೆಯಲ್ಲಿ ಓಡಾಡಿ ನೋಡಿ. ದೊಡ್ಡ ನಗರಗಳಲ್ಲಿ ಲೆನ್ಸುಗಳು ದಿನದ ಬಾಡಿಗೆಗೂ ಸಿಗುತ್ತವೆ; ಒಂದು ವಾರಾಂತ್ಯ 85 ತನ್ನಿ. ತಂದ ದಿನ ಫೋಟೊ ತೆಗೆಯಲು ಹೋಗಬೇಡಿ. ಹುಡ್ ಹಾಕಿ, ಮುಚ್ಚಳ ಬಿಗಿದು, ಕ್ಯಾಮೆರಾವನ್ನು ಚಾಪೆಯ ಮೇಲಿಟ್ಟು ಪಕ್ಕದಲ್ಲಿ ಕುಳಿತು ಚಹಾ ಕುಡಿಯಿರಿ. ನಾಯಿ ಬಂದು ಸುತ್ತಲೂ ಮೂಸಿ, ತಿನ್ನುವ ವಸ್ತುವಲ್ಲ ಎಂದು ಖಾತ್ರಿ ಮಾಡಿಕೊಂಡು ಹೋಗಲಿ. ಶಟರಿಗೆ ಬೆರಳು ಮರುದಿನ ಬೆಳಿಗ್ಗೆ.